ಉಚ್ಚೆ ಡಾಕ್ಟ್ರ ಬೆರಳು

ಮರಳವಾಡಿಯಲ್ಲಿ ಚಲುವಯ್ಯನನ್ನು ಜನ ಉಚ್ಚೆ ಡಾಕ್ಟ್ರು ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಶನಿವಾರ ಸಂಜೆ ಬಸ್ಸಿಳಿದು ಚೀಲ ಹೆಗಲಿಗೇರಿಸಿ ನಡೆದರೆ, ಅರಳಿಕಟ್ಟೆಯ ಮೇಲೆ ಕೂತವರು "ಉಚ್ಚೆ ಡಾಕ್ಟ್ರು ಬಂದ್ರು, ಒಸಿ ಜಾಗ ಬುಡ್ರಲಾ" ಎನ್ನುತ್ತಿದ್ದರು. ಅವನಿಗೆ ಬೇಜಾರೇನೂ ಇರಲಿಲ್ಲ. ಆ ಬಿರುದು ಸಿಗುವಂತೆ ಮಾಡಿಕೊಂಡವನು ಅವನೇ. ರಾಮನಗರದ ಟ್ರಸ್ಟ್ ಆಸ್ಪತ್ರೆಯ ಲ್ಯಾಬಿಗೆ ಸೇರಿದ ಹೊಸದರಲ್ಲಿ, ನಿನ್ನ ಕೆಲಸ ಏನಪ್ಪಾ ಎಂದು ಯಾರೋ ಕೇಳಿದ್ದಕ್ಕೆ, "ಇಡೀ ರಾಮನಗರದ ಉಚ್ಚೆ ನನ್ನ ಕಣ್ ತಪ್ಪಿಸ್ಕೊಂಡು ಹೋಗಕ್ಕಾಗಾಕಿಲ್ಲ" ಎಂದು ಜಂಬ ಕೊಚ್ಚಿದ್ದ. ಊರು ಅದನ್ನು ಮರೆಯಲಿಲ್ಲ.

ಅಪ್ಪ ಅಂಕಯ್ಯನಿಗೆ ಮಗ ನಿಜವಾದ ಡಾಕ್ಟರೇ ಆಗಬೇಕೆಂದಿತ್ತು. ಮಗ ಪಿಯುಸಿ ವಿಜ್ಞಾನ ತೆಗೆದುಕೊಂಡು, ಎರಡು ಸಲ ಪರೀಕ್ಷೆಗೆ ಕೂತು, ಎರಡು ಸಲವೂ ಭೌತಶಾಸ್ತ್ರದಲ್ಲಿ ಡುಮ್ಕಿ ಹೊಡೆದ. ಎರಡನೇ ಸಲ ಮೊದಲಿಗಿಂತ ಎಂಟು ಅಂಕ ಕಡಿಮೆ ಬಂದಿತ್ತು. ಹೀಗೇ ಓದುತ್ತಾ ಹೋದರೆ ಸೊನ್ನೆಗೆ ಇಳಿಯುತ್ತೇನೆಂಬುದು ಅವನಿಗೇ ಖಾತ್ರಿಯಾಗಿ, ಬೆಂಗಳೂರಿನಲ್ಲಿ ಒಂದು ವರ್ಷದ ಲ್ಯಾಬ್ ತರಬೇತಿ ಮುಗಿಸಿ, ೧೯೭೪ರಲ್ಲಿ ಕೆಲಸಕ್ಕೆ ಬಂದ.

ಲ್ಯಾಬೆಂದರೆ ಆಸ್ಪತ್ರೆಯ ಅಡುಗೆಮನೆಗೆ ಅಂಟಿಕೊಂಡಿದ್ದ ಒಂದು ಕೋಣೆ. ಒಂದು ಮೈಕ್ರೋಸ್ಕೋಪು. ಸಾಮಾನು ಕುದಿಸಿ ಶುದ್ಧ ಮಾಡಲು ದೊಡ್ಡದೊಂದು ಪ್ರೆಶರ್ ಕುಕ್ಕರ್. ರೋಗಿಯ ರಕ್ತದಲ್ಲೋ ಕೀವಿನಲ್ಲೋ ಇರುವ ಬ್ಯಾಕ್ಟೀರಿಯಾ ಬೆಳೆಸಲು ಗಾಜಿನ ತಟ್ಟೆಗಳು. ಆ ತಟ್ಟೆಗಳಲ್ಲಿ ಕೆಂಪಗೆ ಹೆಪ್ಪುಗಟ್ಟಿದ, ಕುರಿಯ ರಕ್ತ ಬೆರೆಸಿದ ಮೇವು. ಕೆಲವು ಬ್ಯಾಕ್ಟೀರಿಯಾಗಳಿಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಗಾಳಿ ಇಷ್ಟವಾದ್ದರಿಂದ, ತಟ್ಟೆಗಳನ್ನು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿಟ್ಟು, ಒಳಗೊಂದು ಮೋಂಬತ್ತಿ ಹಚ್ಚಿ ಮುಚ್ಚಳ ಬಿಗಿದು, ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಡಬೇಕು. ಮದುವೆಯಾದ ಹೊಸದರಲ್ಲಿ ಲ್ಯಾಬು ನೋಡಲು ಬಂದ ಹೆಂಡತಿ ಮುನಿರತ್ನಮ್ಮ ಇದನ್ನು ಕಂಡು, "ಡಾಕ್ಟ್ರ ಕೆಲ್ಸ ಅಂದ್ರಿ. ಇದು ಪೂಜಾರಿ ಕೆಲ್ಸ ಇದ್ದಂಗೈತೆ" ಎಂದಿದ್ದಳು.

ರಕ್ತ ಕೊಡುವ ಕುರಿಯನ್ನು ಆಸ್ಪತ್ರೆಯ ಹಿತ್ತಿಲಲ್ಲೇ ಕಟ್ಟಿ ಸಾಕಿದ್ದರು. ಎರಡು ವಾರಕ್ಕೊಮ್ಮೆ ಅದರ ಕತ್ತಿನ ನರದಿಂದ ಸ್ವಲ್ಪ ರಕ್ತ ತೆಗೆಯುವುದು ಚಲುವಯ್ಯನ ಪಾಲಿನ ಕೆಲಸ. ಇಡೀ ಆಸ್ಪತ್ರೆಯಲ್ಲಿ ತನ್ನನ್ನು ಕಂಡು ಎದ್ದು ನಿಲ್ಲುವ ಜೀವ ಅದೊಂದೇ ಎಂದು ಅವನು ಹೇಳಿಕೊಳ್ಳುತ್ತಿದ್ದ.

ಎದ್ದು ನಿಲ್ಲದವರ ಪೈಕಿ ಮೊದಲನೆಯವರು ದೊಡ್ಡ ಡಾಕ್ಟರು ನಂಜುಂಡಯ್ಯನವರು. ಅವರು ಚಲುವಯ್ಯನ ಮಾತನ್ನು ಅರ್ಧ ಮಾತ್ರ ನಂಬುತ್ತಿದ್ದರು. ಅದಕ್ಕೆ ಕಾರಣವಿತ್ತು. ೧೯೭೯ರಲ್ಲಿ ಬೋರಲಿಂಗಯ್ಯ ಎಂಬ ಅಂಗಡಿಯವನ ಕಫ ಪರೀಕ್ಷೆ ಮಾಡಿ, ಬ್ಯಾಕ್ಟೀರಿಯಾ ರಾಶಿ ರಾಶಿ ಇದೆ ಎಂದು ಚಲುವಯ್ಯ ಬರೆದುಕೊಟ್ಟಿದ್ದ. ಬೋರಲಿಂಗಯ್ಯ ಒಂದು ವಾರ ಸೊಂಟಕ್ಕೆ ಸೂಜಿ ಚುಚ್ಚಿಸಿಕೊಂಡ. ಆಮೇಲೆ ನೋಡಿದರೆ ಅದು ಬ್ಯಾಕ್ಟೀರಿಯಾ ಅಲ್ಲ, ಬ್ಯಾಕ್ಟೀರಿಯಾ ಎದ್ದು ಕಾಣಲೆಂದು ಸೋಸದೆ ಹಾಕಿದ ಬಣ್ಣದ ಹರಳು. ಅಂದಿನಿಂದ ಚಲುವಯ್ಯ ಯಾವ ರಿಪೋರ್ಟು ಹಿಡಿದು ಹೋದರೂ ನಂಜುಂಡಯ್ಯನವರು ಕನ್ನಡಕದ ಮೇಲಿಂದ ನೋಡಿ, "ಬಣ್ಣ ಸೋಸಿದ್ದೀಯೇನಯ್ಯಾ?" ಎನ್ನುತ್ತಿದ್ದರು.

೧೯೮೬ರ ಶ್ರಾವಣದಲ್ಲಿ ರೋಶನ್ ಬೀ ಆಸ್ಪತ್ರೆಗೆ ಬಂದು ಸೇರಿದಳು. ಅವಳೂ ಗಂಡ ವಹಾಬನೂ ಮನೆಯಲ್ಲೇ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರು. ವಯಸ್ಸು ಮೂವತ್ತನಾಲ್ಕು. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಒಂದು ಕವಾಟ ಊನವಾಗಿತ್ತು. ಎರಡು ತಿಂಗಳ ಹಿಂದೆ ಹುಳುಕು ಹಲ್ಲು ಕೀಳಿಸಿದ್ದಳು. ಅದಾದ ಮೇಲೆ ಶುರುವಾದ ಜ್ವರ ಬಿಟ್ಟಿರಲಿಲ್ಲ. ಸಂಜೆಯಾದರೆ ಚಳಿ, ಬೆಳಿಗ್ಗೆ ಬೆವರು. ಕೈಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು.

ನಂಜುಂಡಯ್ಯನವರು ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿ, ಚಲುವಯ್ಯನನ್ನು ಕರೆಸಿದರು. "ಹಲ್ಲಿನ ಸಂದಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಕವಾಟದ ಮೇಲೆ ಗೂಡು ಕಟ್ಟಿರಬಹುದು. ಯಾವುದು ಅಂತ ಗೊತ್ತಾಗಬೇಕು. ಮೂರು ಸಲ ರಕ್ತ ತೆಗಿ."

ಚಲುವಯ್ಯ ಸೂಜಿ ಹಿಡಿದು ಹೋದಾಗ ರೋಶನ್ ಬೀ ಕಣ್ಣು ಬಿಟ್ಟು ನೋಡಿದಳು. "ಚಲುವಣ್ಣ, ಹಿತ್ಲಲ್ಲಿ ಕುರಿಗೆ ಚುಚ್ಚಾದು ಕಿಟಕಿಯಿಂದ ನೋಡ್ದೆ. ಅದಕ್ಕೂ ನಂಗೂ ಒಂದೇ ಸೂಜಿನಾ?"

"ಇಲ್ಲ ಕಣಮ್ಮ. ಕುರಿದು ಒಸಿ ದೊಡ್ದು."

"ಅದು ಒದೀತು ನಿಮ್ಗೆ. ನಂಗೆ ಒದೆಯಾಕೂ ತಾಕತ್ ಇಲ್ಲ" ಎಂದು ಅವಳು ಕೈ ಚಾಚಿದಳು. ಅವಳ ಮಾತಿಗೆ ಚಲುವಯ್ಯ ನಕ್ಕ. ಆದರೆ ಆ ಕೈ ಹಿಡಿದಾಗ ಅದರ ಬಿಸಿಗೆ ಅವನ ನಗು ನಿಂತುಹೋಯಿತು.

ರಕ್ತ ತೆಗೆದಾದ ಮೇಲೆ ನಂಜುಂಡಯ್ಯನವರು ಅನುಮಾನದ ಮೇಲೆ ಪೆನಿಸಿಲಿನ್ ಶುರು ಮಾಡಿದರು. ರಕ್ತ ಹಾಕಿದ್ದ, ಬ್ಯಾಕ್ಟೀರಿಯಾ ಬೆಳೆಸುವ ಸಾರದ ಬಾಟಲಿಗಳು ಮೂರನೇ ದಿನಕ್ಕೆ ಮಬ್ಬಾದವು. ಚಲುವಯ್ಯ ಮೊದಲ ಬಾಟಲಿಯಿಂದ ಒಂದು ತೊಟ್ಟು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ (ಎರಡು ಸಲ ಸೋಸಿದ ಬಣ್ಣ), ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟ. ಬ್ಯಾಕ್ಟೀರಿಯಾ ಇತ್ತು. ಸರ ಪೋಣಿಸಿದಂತೆ ಇತ್ತು. ಆದರೆ ಸರದ ಮಣಿಗಳು ಒಂದೇ ಅಳತೆಯವಲ್ಲ. ಒಂದು ಗುಂಡಗೆ, ಒಂದು ಉದ್ದಕ್ಕೆ, ಒಂದು ಊದಿಕೊಂಡು. ಇಂಥದ್ದನ್ನು ಅವನು ಹಿಂದೆ ನೋಡಿರಲಿಲ್ಲ. ಅದೇ ಸಾರವನ್ನು ರಕ್ತದ ತಟ್ಟೆಯ ಮೇಲೆ ಎಳೆದು, ಮೋಂಬತ್ತಿ ಹಚ್ಚಿ ಡಬ್ಬ ಮುಚ್ಚಿಟ್ಟ. ಒಂದು ದಿನ ಕಾದ, ಎರಡು ದಿನ ಕಾದ. ತಟ್ಟೆ ತೊಳೆದಿಟ್ಟಷ್ಟು ಚೊಕ್ಕಟವಾಗಿತ್ತು.

ಎರಡನೇ ಬಾಟಲಿಯಿಂದ ಮತ್ತೆ ಹಾಕಿದ. ಅದೂ ಅಷ್ಟೇ.

"ಗಾಜಿನ ಮೇಲೆ ಇದೆ, ತಟ್ಟೆಯ ಮೇಲೆ ಇಲ್ಲ" ಎಂದರು ನಂಜುಂಡಯ್ಯನವರು. ಸೋಸಿದೆಯಾ ಎಂದು ಕೇಳಲಿಲ್ಲ. ಕೇಳಿದ್ದರೆ ಚಲುವಯ್ಯನಿಗೆ ಎಷ್ಟೋ ವಾಸಿಯಾಗುತ್ತಿತ್ತು. "ಪೆನಿಸಿಲಿನ್ ಕೊಟ್ಟು ಆರು ದಿನ ಆಯ್ತು, ಜ್ವರ ಜಗ್ಗಿಲ್ಲ. ಇದು ಟಿಬಿ ಇರಬಹುದು. ಇನ್ನೆರಡು ದಿನ ನೋಡಿ ಔಷಧಿ ಬದಲಾಯಿಸ್ತೀನಿ."

ಚಲುವಯ್ಯ ಲ್ಯಾಬಿಗೆ ಬಂದು ತನ್ನ ತಪ್ಪುಗಳ ಪಟ್ಟಿ ಮಾಡತೊಡಗಿದ. ಇದೊಂದು ಕೆಲಸಕ್ಕೆ ಅವನಿಗೆ ಎಂದೂ ಸಾಮಗ್ರಿಯ ಕೊರತೆ ಇರಲಿಲ್ಲ. ಸಾರವನ್ನು ತಟ್ಟೆಗೆ ಎಳೆಯುವ ತಂತಿಯನ್ನು ಬೆಂಕಿಯಲ್ಲಿ ಕಾಯಿಸಿದ ಮೇಲೆ ಆರಲು ಬಿಡದೆ ಅದ್ದಿ, ಪಾಪದ ಬ್ಯಾಕ್ಟೀರಿಯಾವನ್ನು ಸುಟ್ಟುಬಿಟ್ಟೆನೇ? ಕುರಿಯ ರಕ್ತ ಹಳತಾಗಿತ್ತೇ? ರಕ್ತ ಹೊಸದಾಗಿಯೇ ಇರಲೆಂದು ಅಂದೇ ಹಿತ್ತಿಲಿಗೆ ಹೋದ. ಕುರಿ ಅವನನ್ನು ಕಂಡು ಎಂದಿನಂತೆ ಎದ್ದು ನಿಂತಿತು. ಹಗ್ಗ ಹಿಡಿಯುವಷ್ಟರಲ್ಲಿ ಜಗ್ಗಿತು. ನೈಲಾನ್ ಹಗ್ಗ ಬಲಗೈ ತೋರುಬೆರಳನ್ನು ಕೊಯ್ದುಕೊಂಡು ಹೋಯಿತು. ಮರುದಿನಕ್ಕೆ ಬೆರಳು ಬದನೆಕಾಯಿಯಂತೆ ಊದಿ ಕೀವು ತುಂಬಿತು. ಅದಕ್ಕೊಂದು ಬಟ್ಟೆ ಸುತ್ತಿಕೊಂಡು, ಇದ್ದ ಒಂದೇ ಒಂದು ಕೊನೆಯ ಬಾಟಲಿಯಿಂದ ಮೂರನೇ ತಟ್ಟೆ ಹಾಕಿದ.

ಇಪ್ಪತ್ತು ಗಂಟೆ ಕಳೆದು ಡಬ್ಬ ತೆಗೆದಾಗ, ತಟ್ಟೆಯ ಒಂದು ಮೂಲೆಯಲ್ಲಿ ದಪ್ಪ ದಪ್ಪನೆಯ ನಾಲ್ಕು ಚುಕ್ಕೆ. ಬೆಣ್ಣೆಯಂತೆ ಹೊಳಪು, ಚಿನ್ನದಂಥ ಹಳದಿ. ಅವನ ಎದೆ ಒಮ್ಮೆ ಹಾರಿತು, ಮರುಕ್ಷಣವೇ ಕುಸಿಯಿತು. ಆ ಚಿನ್ನದ ಬಣ್ಣದ ಬ್ಯಾಕ್ಟೀರಿಯಾವನ್ನು ಅವನು ಹನ್ನೆರಡು ವರ್ಷದಿಂದ ನೋಡುತ್ತಿದ್ದ. ಸ್ಟ್ಯಾಫಿಲೊಕಾಕಸ್, ಕುರುವಿನ ಕೀವಿನಲ್ಲಿ ಇರುವಂಥದ್ದು. ಚುಕ್ಕೆಗಳಿದ್ದ ಜಾಗ, ತಟ್ಟೆ ಹಿಡಿದಾಗ ತೋರುಬೆರಳು ಬರುವ ಜಾಗ. ರೋಗಿಯ ರಕ್ತದಿಂದ ಏನೂ ಬೆಳೆದಿರಲಿಲ್ಲ. ಬೆಳೆದಿದ್ದು ಚಲುವಯ್ಯನ ಬೆರಳು.

ಅವನು ಆ ತಟ್ಟೆಯನ್ನು, ಕುದಿಸಿ ಎಸೆಯಬೇಕಾದವನ್ನು ಹಾಕುವ ಡಬ್ಬದಲ್ಲಿ, ಬೇರೆ ತಟ್ಟೆಗಳ ಕೆಳಗೆ ತುರುಕಿಟ್ಟ. ಕುದಿಸಿಬಿಟ್ಟರೆ ಮುಗಿಯಿತು. ಆದರೆ ಅಂದು ಕರೆಂಟು ಹೋಗಿತ್ತು, ಸೀಮೆಎಣ್ಣೆ ಸ್ಟೌವನ್ನು ಅಡುಗೆಮನೆಯವರು ಒಯ್ದಿದ್ದರು.

ಅಂದೇ ಗುರುವಾರ. ತಿಂಗಳ ಮೊದಲ ಗುರುವಾರ ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಿಂದ ಡಾಕ್ಟರ್ ವಾರಿಜಾಕ್ಷಿ ಲ್ಯಾಬಿನ ಕೆಲಸ ನೋಡಲು ಬರುತ್ತಿದ್ದರು. ಐವತ್ತು ದಾಟಿದ ಹೆಂಗಸು, ಬ್ಯಾಕ್ಟೀರಿಯಾಗಳ ತಜ್ಞೆ. ಅವರಿಗೊಂದು ಕೆಟ್ಟ ಚಾಳಿ: ರಿಜಿಸ್ಟರ್ ನೋಡುವುದಕ್ಕಿಂತ ಮೊದಲು ಎಸೆಯುವ ಡಬ್ಬಕ್ಕೆ ಕೈ ಹಾಕುತ್ತಿದ್ದರು. ಲ್ಯಾಬಿನ ಬಂಡವಾಳ ಅಲ್ಲಿ ಗೊತ್ತಾಗುತ್ತದೆ ಎನ್ನುತ್ತಿದ್ದರು. ಅಂದು ನಂಜುಂಡಯ್ಯನವರೂ ಅವರ ಜೊತೆಯಲ್ಲೇ ಒಳಗೆ ಬಂದರು.

ತಟ್ಟೆ ಸಿಕ್ಕಿತು. ಮೇಲೆ ಚಲುವಯ್ಯನದೇ ಮುದ್ದಾದ ಅಕ್ಷರದಲ್ಲಿ ರೋಶನ್ ಬೀ ಎಂದು ಬರೆದಿತ್ತು.

"ಇದ್ಯಾಕೆ ಇಲ್ಲಿದೆ?" ಎಂದರು ವಾರಿಜಾಕ್ಷಿ.

ಚಲುವಯ್ಯ ಬಾಯಿ ತೆರೆಯುವ ಮೊದಲೇ ನಂಜುಂಡಯ್ಯನವರು ಬಗ್ಗಿ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. "ಸ್ಟ್ಯಾಫ್. ಅಯ್ಯೋ ದೇವರೇ, ಕವಾಟದ ಮೇಲೆ ಸ್ಟ್ಯಾಫ್ ಕೂತರೆ ವಾರದಲ್ಲಿ ತಿಂದುಹಾಕುತ್ತೆ. ಪೆನಿಸಿಲಿನ್‌ಗೆ ಜಗ್ಗದೇ ಇದ್ದದ್ದು ಇದಕ್ಕೇ. ಗಂಡನ್ನ ಕರೆಸಿ. ಇವತ್ತೇ ಬೆಂಗಳೂರಿಗೆ ಕಳಿಸಬೇಕು, ಆಪರೇಷನ್ನೇ ಆಗಬೇಕಾಗಬಹುದು." ವಹಾಬ್ ಹೊರಗೆ ವರಾಂಡದಲ್ಲೇ ಇದ್ದ. ಡಾಕ್ಟರು ಬಾಗಿಲಿನ ಕಡೆ ತಿರುಗಿಯೂ ಆಯಿತು.

ಚಲುವಯ್ಯ ಆ ಗಳಿಗೆಯಲ್ಲಿ ಯೋಚಿಸಿದ್ದು ರೋಶನ್ ಬೀಯ ಬಗ್ಗೆ ಎಂದು ಹೇಳಿದರೆ ಚೆನ್ನಾಗಿರುತ್ತದೆ. ಅವನೇ ಮುಂದೆ ಒಪ್ಪಿಕೊಂಡ ಹಾಗೆ, ಅವನು ಯೋಚಿಸಿದ್ದು ಬೋರಲಿಂಗಯ್ಯನ ಸೊಂಟದ ಬಗ್ಗೆ. ಅಂದು ಬಣ್ಣದ ಹರಳಿಗೆ ಒಂದು ವಾರ ಸೂಜಿ. ಇಂದು ತನ್ನ ಕೀವಿಗೆ ಒಬ್ಬ ಹೆಂಗಸಿನ ಎದೆ ಸೀಳುವುದು. ಕೆಲಸ ಹೋದರೆ ಮುನಿರತ್ನಮ್ಮನಿಗೆ ಏನು ಹೇಳುವುದು ಎಂಬುದೂ ಅದರ ಬೆನ್ನಿಗೇ ಬಂತು. ಆದರೂ ಬಾಯಿ ತಾನೇ ಮಾತಾಡಿತು.

"ಸಾರ್, ಅದು ಪೇಶೆಂಟ್‌ದಲ್ಲ. ನಂದು."

"ನಿಂದು ಅಂದ್ರೆ?"

ಚಲುವಯ್ಯ ಬಟ್ಟೆ ಬಿಚ್ಚಿ ಬೆರಳನ್ನು ಎತ್ತಿ ಹಿಡಿದ, ಶಾಲೆಯಲ್ಲಿ ಹೊರಗೆ ಹೋಗಲು ಅಪ್ಪಣೆ ಕೇಳುವ ಹುಡುಗರ ಹಾಗೆ. "ಕುರಿ ಹಗ್ಗ ಕುಯ್ದು ಕೀವಾಗಿತ್ತು. ತಟ್ಟೆಗೆ ತಗುಲ್ಬುಡ್ತು. ಹೇಳಕ್ಕೆ ನಾಚ್ಕೆ ಆಗಿ ಅಲ್ಲಿ ಹಾಕ್ದೆ."

ನಂಜುಂಡಯ್ಯನವರು ಕುರ್ಚಿಯ ಮೇಲೆ ಕೂತರು. ಬೈಯಲಿಲ್ಲ, ಬೈಗುಳ ಹುಡುಕುತ್ತಿದ್ದಂತೆ ಕಾಣುತ್ತಿತ್ತು. ವಾರಿಜಾಕ್ಷಿ ಮಾತ್ರ ಆ ಬೆರಳನ್ನೊಮ್ಮೆ ನೋಡಿ, ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಬೆಳಕಿಗೆ ಓರೆಯಾಗಿ ಹಿಡಿದರು. ಚೀಲದಿಂದ ಭೂತಗನ್ನಡಿ ತೆಗೆದರು.

"ಚಲುವಯ್ಯ, ಇಲ್ಲಿ ಬನ್ನಿ. ನಿಮ್ಮ ಬೆರಳಿನ ಚುಕ್ಕೆ ಬಿಡಿ. ಅದರ ಸುತ್ತ ಏನು ಕಾಣುತ್ತೆ?"

ಅವನು ನೋಡಿದ. ದಪ್ಪ ಚುಕ್ಕೆಗಳ ಸುತ್ತ, ಕಾಲಿಂಚು ದೂರದವರೆಗೆ, ಹಿಟ್ಟಿನ ಧೂಳು ಉದುರಿಸಿದಂತೆ ಪುಟ್ಟ ಪುಟ್ಟ ಕಣ. ಅದರಾಚೆ ತಟ್ಟೆಯಲ್ಲಿ ಏನೂ ಇಲ್ಲ.

"ಧೂಳು ಮೇಡಂ. ಡಬ್ಬದಲ್ಲಿ ಬಿದ್ದಿರ್ಬೇಕು."

"ಧೂಳು ಹೀಗೆ ಸುತ್ತ ಕೂರುತ್ತೇನ್ರಿ? ಒಂದನ್ನ ಗಾಜಿನ ಮೇಲೆ ಹಾಕಿ ನೋಡಿ."

ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಮೊದಲ ದಿನದ ಅದೇ ಸರ. ಗುಂಡಗೆ, ಉದ್ದಕ್ಕೆ, ಊದಿಕೊಂಡು. ಚಲುವಯ್ಯ ಕಣ್ಣು ತೆಗೆಯದೆ ನಿಂತುಬಿಟ್ಟ. ಆಮೇಲೆ ನಂಜುಂಡಯ್ಯನವರು ನೋಡಿದರು. ಅವರೂ ತುಂಬಾ ಹೊತ್ತು ನೋಡಿದರು.

ವಾರಿಜಾಕ್ಷಿ ಬಿಡಿಸಿ ಹೇಳಿದರು. ಇದು ಸರಪಳಿ ಜಾತಿಯಲ್ಲಿ ಅಪರೂಪದ್ದು. ಬಾಯಿಯಲ್ಲಿ ಸುಮ್ಮನೆ ಇರುತ್ತದೆ, ಊನವಾದ ಕವಾಟ ಸಿಕ್ಕರೆ ಹೋಗಿ ಕೂರುತ್ತದೆ. ಇದಕ್ಕೆ ಬಿ ಆರು ಎಂಬ ವಿಟಮಿನ್ನಿನ ಒಂದು ರೂಪ ಬೇಕೇ ಬೇಕು, ತಾನೇ ಮಾಡಿಕೊಳ್ಳಲು ಬರುವುದಿಲ್ಲ. ಬಾಟಲಿಯಲ್ಲಿ ರೋಗಿಯ ರಕ್ತದಿಂದಲೇ ಅದು ಸಿಕ್ಕಿತ್ತು, ಹಾಗಾಗಿ ಅಲ್ಲಿ ಬೆಳೆಯಿತು. ಕುರಿಯ ರಕ್ತದ ತಟ್ಟೆಯಲ್ಲಿ ಸಿಗಲಿಲ್ಲ, ಉಪವಾಸ ಬಿತ್ತು. ಚಲುವಯ್ಯನ ಬೆರಳಿನ ಸ್ಟ್ಯಾಫ್ ಆ ವಿಟಮಿನ್ನನ್ನು ತಯಾರಿಸಿ ಸುತ್ತ ಒಸರಿಸುತ್ತದೆ. ಅದು ಒಸರಿಸಿದಷ್ಟು ಜಾಗದಲ್ಲಿ ಇದು ಬೆಳೆದಿದೆ.

"ನಾನು ಪುಸ್ತಕದಲ್ಲಿ ಓದಿದ್ದೆ, ಒಂದೇ ಒಂದು ಸಲ ಕಂಡಿದ್ದೆ" ಎಂದರು. "ಸರಿಯಾದ ಪರೀಕ್ಷೆ ಮಾಡಿ. ಹೊಸ ತಟ್ಟೆ ತುಂಬಾ ಇದನ್ನು ಸವರಿ, ಮೇಲೆ ಅಡ್ಡಲಾಗಿ ಸ್ಟ್ಯಾಫ್‌ನ ಒಂದು ಗೆರೆ ಎಳೀರಿ. ಗೆರೆಯ ಎರಡೂ ಪಕ್ಕ ಮಾತ್ರ ಬೆಳೆದರೆ ಅನುಮಾನವೇ ಬೇಡ. ಸ್ಟ್ಯಾಫ್‌ಗೆ ಏನ್ ಮಾಡ್ತೀರಿ?"

"ಐತಲ್ಲ ಮೇಡಂ" ಎಂದು ಚಲುವಯ್ಯ ಬೆರಳು ತೋರಿಸಿದ. ನಂಜುಂಡಯ್ಯನವರು ಮುಖ ಆಚೆ ತಿರುಗಿಸಿಕೊಂಡರು. ನಗು ತಡೆದುಕೊಳ್ಳುತ್ತಿದ್ದರೋ ಸಿಟ್ಟು ತಡೆದುಕೊಳ್ಳುತ್ತಿದ್ದರೋ ಅವನಿಗೆ ತಿಳಿಯಲಿಲ್ಲ.

ಎರಡು ದಿನದ ಮೇಲೆ ತಟ್ಟೆ ತೆಗೆದಾಗ, ನಡುವೆ ಚಿನ್ನದ ಗೆರೆ, ಅದರ ಎರಡೂ ಬದಿಗೆ ರಸ್ತೆ ಪಕ್ಕದ ಸಾಲುಮರದ ಹಾಗೆ ಪುಟಾಣಿ ಚುಕ್ಕೆಗಳು. ಚಲುವಯ್ಯ ಆಸ್ಪತ್ರೆಯ ಆಫೀಸಿನಿಂದ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಮುಕ್ಕಾಲು ಗಂಟೆ ಕಾದು, ಲೈನು ಸಿಕ್ಕಾಗ ಉದ್ವೇಗದಲ್ಲಿ ತನ್ನ ಹೆಸರನ್ನೇ ಹೇಳಲು ಮರೆತ. "ಮೇಡಂ, ಸಾಲಾಗಿ ಬಂದೈತೆ" ಎಂದಷ್ಟೇ ಹೇಳಿದ. ಅವರಿಗೆ ಅರ್ಥವಾಯಿತು. ಫೋನು ನಂಜುಂಡಯ್ಯನವರ ಕೈಗೆ ಹೋಯಿತು. ಇದು ಬಲು ಮೊಂಡು, ಪೆನಿಸಿಲಿನ್ ಒಂದಕ್ಕೇ ಸಾಯುವುದಿಲ್ಲ, ಜೊತೆಗೆ ಜೆಂಟಾಮೈಸಿನ್ ಕೊಡಿ, ಆರು ವಾರ ಬಿಡಬೇಡಿ ಎಂದರಂತೆ. ಟಿಬಿಯ ಮಾತು ಅಲ್ಲಿಗೆ ನಿಂತಿತು.

ಹೊಸ ಔಷಧಿ ಶುರುವಾದ ಒಂಬತ್ತನೇ ದಿನ ರೋಶನ್ ಬೀಗೆ ಜ್ವರ ಬರಲಿಲ್ಲ. ಹತ್ತನೇ ದಿನವೂ ಬರಲಿಲ್ಲ. ವಹಾಬ್ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತ. "ಚಲುವಣ್ಣೋರೆ, ನಿಮ್ ಬೆರಳಿಂದ ಗೊತ್ತಾಯ್ತಂತೆ ಕಾಯ್ಲೆ. ದೊಡ್ ಡಾಕ್ಟ್ರು ಹೇಳಿದ್ರು. ಬೆರಳು ಮುಟ್ಟಿದ್ರೆ ಗೊತ್ತಾಗೋ ವಿದ್ಯೆ, ಇಲ್ಮು ಐತಾ ನಿಮ್ಗೆ?"

ಚಲುವಯ್ಯನಿಗೆ ಒಂದು ಗಳಿಗೆ ಹೌದು ಎಂದುಬಿಡುವ ಆಸೆಯಾಯಿತು. "ಇಲ್ಮಲ್ಲ ವಹಾಬಣ್ಣ, ಕೊಳೆ" ಎಂದ.

ಮನೆಯಲ್ಲಿ ಮುನಿರತ್ನಮ್ಮನಿಗೆ ಇಡೀ ಕತೆ ಹೇಳಿದಾಗ ಅವಳು ಸೊಪ್ಪು ಸೋಸುತ್ತಾ ಕೇಳಿಸಿಕೊಂಡಳು. "ಕೈ ತೊಳೀದೆ ಇದ್ದಿದ್ಕೆ ಒಂದ್ ಜೀವ ಉಳೀತು ಅನ್ನಿ. ಇಲ್ಲಿ ಮಾತ್ರ ತೊಳ್ಕೊಂಡೇ ಊಟಕ್ ಕೂತ್ಕಳಿ."

ಹುಮ್ಮಸ್ಸು ಅಲ್ಲಿಗೇ ನಿಲ್ಲಲಿಲ್ಲ. ವಿಟಮಿನ್ ಬೇಕು ಅಷ್ಟೇ ತಾನೆ ಎಂದುಕೊಂಡು ಚಲುವಯ್ಯ ಔಷಧಿ ಅಂಗಡಿಯಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತಂದು ಪುಡಿ ಮಾಡಿ ಒಂದು ತಟ್ಟೆಗೆ ಉದುರಿಸಿದ. ಮೂರು ದಿನಕ್ಕೆ ಸೊಗಸಾದ ಹಸಿರು ಬೂಷ್ಟು ಬಂತು. ಮುಂದಿನ ತಿಂಗಳ ಗುರುವಾರ ವಾರಿಜಾಕ್ಷಿ ಅದನ್ನೂ ಎಸೆಯುವ ಡಬ್ಬದಿಂದ ಹೊರತೆಗೆದು, ಮಾತ್ರೆಯಲ್ಲಿರುವುದು ಆ ವಿಟಮಿನ್ನಿನ ಬೇರೆ ರೂಪ, ಈ ಬ್ಯಾಕ್ಟೀರಿಯಾಕ್ಕೆ ಆಗಿಬರುವುದಿಲ್ಲ ಎಂದು ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆ ವರ್ಷದ ಕೊನೆಗೆ ಬೆಂಗಳೂರಿನಲ್ಲಿ ಲ್ಯಾಬ್ ಡಾಕ್ಟರುಗಳ ಸಭೆಯಲ್ಲಿ ವಾರಿಜಾಕ್ಷಿ ಈ ಪ್ರಕರಣವನ್ನು ಓದಿದರು. ಚಲುವಯ್ಯನನ್ನೂ ಬರಹೇಳಿದ್ದರು. ಅವನು ಮದುವೆಯ ಕೋಟು ತೊಟ್ಟು ಹೋದ. ಗುಂಡಿ ಹಾಕಲು ಹೊಟ್ಟೆ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು, ಇಂಗ್ಲಿಷಿನಲ್ಲಿ ತನ್ನ ಹೆಸರು ಬರುವುದನ್ನೇ ಕಾದ. ಬಂತು. ಯಾರೋ ಹಿರಿಯರು ಎದ್ದು, ತಟ್ಟೆಗೆ ಸ್ಟ್ಯಾಫ್ ಹೇಗೆ ಬಂತು ಎಂದು ಕೇಳಿದರು. ಆಕಸ್ಮಿಕ ಎಂದು ವಾರಿಜಾಕ್ಷಿ ಹೇಳುತ್ತಿದ್ದಂತೆಯೇ ಚಲುವಯ್ಯ ಎದ್ದು ನಿಂತು, "ನಂದೇ ಬೆರಳು ಸಾರ್" ಎಂದ. ಸಭೆ ಗೊಳ್ಳೆಂದಿತು. ಕೂತ ಮೇಲೂ ಅವನ ಕಿವಿ ಬಿಸಿಯಾಗಿಯೇ ಇತ್ತು. ಆದರೆ ಊಟದ ಹೊತ್ತಿನಲ್ಲಿ ಆ ಹಿರಿಯರು ಹುಡುಕಿಕೊಂಡು ಬಂದು, "ನಮ್ಮಲ್ಲಿ ಬಹಳ ಜನ ಆ ತಟ್ಟೆಯನ್ನು ಕುದಿಸಿಬಿಡುತ್ತಿದ್ದರು" ಎಂದರು. ಸ್ಟೌ ಸಿಕ್ಕಿದ್ದರೆ ತಾನೂ ಕುದಿಸುತ್ತಿದ್ದೆ ಎಂದು ಅವನು ಅವರಿಗೆ ಹೇಳಲಿಲ್ಲ. ಒಂದು ದಿನಕ್ಕೆ ಅಷ್ಟು ಸತ್ಯ ಸಾಕು ಎನಿಸಿತ್ತು.

ರೋಶನ್ ಬೀ ಆರು ವಾರ ಮುಗಿಸಿ ಮನೆಗೆ ಹೋದಳು. ಐದು ವರ್ಷದ ಮೇಲೆ ಆ ಕವಾಟವನ್ನು ಬೆಂಗಳೂರಿನಲ್ಲಿ ಬದಲಾಯಿಸಬೇಕಾಯಿತು. ಆದರೂ ನೂಲಿನ ಕೆಲಸ ಬಿಡಲಿಲ್ಲ. ಅಂದಿನಿಂದ ಚಲುವಯ್ಯ, ಗಾಜಿನ ಮೇಲೆ ಕಂಡು ತಟ್ಟೆಯ ಮೇಲೆ ಬೆಳೆಯದ ಪ್ರತಿಯೊಂದಕ್ಕೂ ಅಡ್ಡಗೆರೆ ಎಳೆದು ನೋಡತೊಡಗಿದ. ಬೆರಳು ವಾಸಿಯಾಗಿತ್ತು, ಅದರ ಸ್ಟ್ಯಾಫನ್ನು ಮಾತ್ರ ಒಂದು ಸೀಸೆಯಲ್ಲಿ ಸಾಕಿಕೊಂಡಿದ್ದ. ಹನ್ನೆರಡು ವರ್ಷ ಏನೂ ಸಿಗಲಿಲ್ಲ. ಅಷ್ಟರಲ್ಲಿ ಆ ಬ್ಯಾಕ್ಟೀರಿಯಾದ ಹೆಸರು ಬೇರೆ ಬದಲಾಯಿತು. ಹಳೆಯ ಹೆಸರನ್ನು ತಡವರಿಸದೆ ಹೇಳಲು ಅವನು ಕಲಿತ ಮೇಲೆ, ಇನ್ನು ಮುಂದೆ ಅಬಿಯೊಟ್ರೋಫಿಯಾ ಎಂದು ಕರೆಯಬೇಕು ಎಂದರು.

೧೯೯೮ರಲ್ಲಿ ಮತ್ತೆ ಸಿಕ್ಕಿತು. ಮಾಗಡಿ ಕಡೆಯ ಗಂಗಯ್ಯ, ತೆಂಗಿನ ತೋಟದವನು, ನಲವತ್ತೈದು ವಯಸ್ಸು. ತೀರಾ ತಡವಾಗಿ ಬಂದಿದ್ದ. ಅಡ್ಡಗೆರೆಯ ಪಕ್ಕ ಚುಕ್ಕೆಗಳು ಸಾಲುಗಟ್ಟಿ ನಿಲ್ಲುವ ಹಿಂದಿನ ದಿನವೇ ತೀರಿಕೊಂಡ.

ಹದಿನೈದು ದಿನದ ಮೇಲೆ ಚಲುವಯ್ಯ ರಿಪೋರ್ಟನ್ನು ಲಕೋಟೆಯಲ್ಲಿಟ್ಟುಕೊಂಡು ಮಾಗಡಿ ಬಸ್ಸು ಹತ್ತಿದ. ಅದನ್ನು ತಲುಪಿಸು ಎಂದು ಯಾರೂ ಹೇಳಿರಲಿಲ್ಲ. ಯಾಕೆ ಹೊರಟೆ ಎಂದು ಕೇಳಿದ್ದರೆ, ಪತ್ತೆ ಮಾಡಿದ್ದೇನೆಂದು ಯಾರಿಗಾದರೂ ಹೇಳಿಕೊಳ್ಳುವ ಚಪಲ ಎಂದು ಅವನೇ ಒಪ್ಪಿಕೊಳ್ಳುತ್ತಿದ್ದ. ಗಂಗಯ್ಯನ ಹೆಂಡತಿ ದೊಡ್ಡಲಕ್ಷ್ಮಮ್ಮ ಅಂಗಳದಲ್ಲಿ ತೆಂಗಿನಗರಿ ಹೆಣೆಯುತ್ತಿದ್ದಳು. ಚಾಪೆ ಹಾಸಿ ಕೂರಿಸಿದಳು. ಅವನು ಲಕೋಟೆ ಬಿಚ್ಚಿ ಆ ಉದ್ದನೆಯ ಹೆಸರನ್ನು ಓದಿದ, ಅಪರೂಪದ್ದು ಎಂದ, ಬೇರೆ ಕಡೆಯಾದರೆ ಗೊತ್ತೇ ಆಗುತ್ತಿರಲಿಲ್ಲ ಎಂದ.

ಅವಳು ಗರಿ ಹೆಣೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. "ಅಂಗಾದ್ರೆ ಮಾಟ ಅಲ್ಲ ಅನ್ನಿ ಸ್ವಾಮಿ."

"ಅಲ್ಲ ಕಣವ್ವ. ಮಾಟ ಅಲ್ಲ."

"ಅವರ ಅಣ್ಣತಮ್ಮದೀರು, ನಮ್ ಅತ್ತೆ, ಎಲ್ಲಾ ನಾನೇ ಏನೋ ಇಕ್ಬುಟ್ಟೆ ಅಂತಾರೆ. ಆ ಚೀಟಿ ನಂಗೆ ಕೊಡ್ತೀರಾ?"

ಅವನು ಕೊಟ್ಟ. ಆಮೇಲೆ, ಕೊಟ್ಟದ್ದು ಇಂಗ್ಲಿಷಿನಲ್ಲಿದೆ ಎಂಬುದು ಹೊಳೆದು ಮತ್ತೆ ಈಸಿಕೊಂಡು, ಲಕೋಟೆಯ ಬೆನ್ನ ಮೇಲೆ ಕನ್ನಡದಲ್ಲಿ, ಗಂಗಯ್ಯನವರು ಹೃದಯದ ಕವಾಟಕ್ಕೆ ಬ್ಯಾಕ್ಟೀರಿಯಾ ತಗುಲಿ ತೀರಿಕೊಂಡರು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಬರೆದ. ಕೆಳಗೆ ಸಹಿ ಹಾಕಿದ. ಅವಳು ನೆರೆಮನೆಯ ಹುಡುಗಿಯನ್ನು ಕರೆದು ಅದನ್ನು ಎರಡು ಸಲ ಓದಿಸಿ ಕೇಳಿದಳು. ಮೂರನೇ ಸಲ, ಅತ್ತೆಗೂ ಕೇಳಿಸುವಂತೆ ಬಾಗಿಲ ಹತ್ತಿರ ನಿಂತು ಗಟ್ಟಿಯಾಗಿ ಓದು ಎಂದಳು.

ಚಲುವಯ್ಯ ಚಾಪೆಯ ಮೇಲೆ ಕೂತೇ ಇದ್ದ. ಒಳಗಿನಿಂದ ಮುದುಕಿಯೊಬ್ಬಳು ಬಂದು ಹೊಸ್ತಿಲ ಮೇಲೆ ಕೂತು, ಓದುವ ಹುಡುಗಿಯ ಬಾಯನ್ನೇ ನೋಡತೊಡಗಿದಳು.